ಕೋರಿ ಅಕಿನೋ: ಮಾರ್ಕೋಸ್ ಓಡಿಹೋದ ಮರುದಿನದಿಂದ ಏನಾಯಿತು?

ಹೊಂಗೆ ನೆರಳು

ಫಿಲಿಪ್ಪೀನ್ಸ್‌ನ ಅಧ್ಯಕ್ಷೆಯಾಗಿದ್ದ ಕೊರಜಾನ್ (ಕೋರಿ) ಅಕಿನೋ ಬಗ್ಗೆ ಯಾರೇ ಬರೆಯಲಿ, ಕತೆ 1986ರ ಫೆಬ್ರವರಿ 25ಕ್ಕೆ ಮುಗಿದುಹೋಗುತ್ತದೆ. ಗಂಡನ ಕೊಲೆ, ಮೋಸದ ಚುನಾವಣೆ, ಬೀದಿಗಿಳಿದ ಜನ, ದೇಶ ಬಿಟ್ಟು ಓಡಿದ ಸರ್ವಾಧಿಕಾರಿ ಮಾರ್ಕೋಸ್, ಅವನ ಹೆಂಡತಿ ಇಮೆಲ್ಡಾಳ ಚಪ್ಪಲಿ ರಾಶಿ. ಅಲ್ಲಿಗೆ ಮಂಗಳ ಹಾಡಿಬಿಡುತ್ತಾರೆ. ಆಮೇಲಿನ ಆರು ವರ್ಷ ಯಾರಿಗೂ ಬೇಡ.

ನನಗೆ ಆ ಆರು ವರ್ಷವೇ ಮುಖ್ಯ ಅನ್ನಿಸುತ್ತದೆ. ಮಾರ್ಕೋಸ್‌ನನ್ನು ಓಡಿಸಲು ಬೀದಿಯಲ್ಲಿ ನಾಲ್ಕು ದಿನ ಸಾಕಾಯಿತು. ಅವನು ಮುರಿದುಹಾಕಿದ್ದ ಸಂಸತ್ತು, ಕೋರ್ಟು, ಪತ್ರಿಕೆ, ಸೈನ್ಯ ಇವನ್ನೆಲ್ಲ ಮತ್ತೆ ನಿಲ್ಲಿಸುವ ಕೆಲಸ ಬಂದಿದ್ದು ಯಾವ ಹುದ್ದೆಯನ್ನೂ ನೋಡಿರದ ಐದು ಮಕ್ಕಳ ತಾಯಿಯ ತಲೆಗೆ. ಆಕೆ ಅದನ್ನು ಹೇಗೆ ಮಾಡಿದಳು, ಎಲ್ಲಿ ಕೈಚೆಲ್ಲಿದಳು, ಮಾತಾಡೋಣ.

ಗೊತ್ತಿಲ್ಲದವರಿಗೆ ಹಿನ್ನೆಲೆ ಚುಟುಕಾಗಿ. ಫರ್ಡಿನಂಡ್ ಮಾರ್ಕೋಸ್ 1965ರಲ್ಲಿ ಗೆದ್ದ, 1969ರಲ್ಲಿ ಮತ್ತೆ ಗೆದ್ದ. ಮೂರನೇ ಸಲ ನಿಲ್ಲಲು ಸಂವಿಧಾನ ಬಿಡುತ್ತಿರಲಿಲ್ಲ. 1972ರ ಸೆಪ್ಟೆಂಬರಿನಲ್ಲಿ ಮಾರ್ಷಲ್ ಲಾ ಹೇರಿದ. ಮೊದಲು ಬಂಧಿಸಿದವರಲ್ಲಿ ಸೆನೆಟರ್ ನಿನೋಯ್ ಅಕಿನೋ ಒಬ್ಬ. ಏಳು ವರ್ಷಕ್ಕೂ ಮಿಕ್ಕಿ ಸೆರೆ. 1977ರಲ್ಲಿ ಮಿಲಿಟರಿ ನ್ಯಾಯಮಂಡಳಿ ಮರಣದಂಡನೆ ಕೊಟ್ಟಿತು, ಜಾರಿ ಮಾಡಲಿಲ್ಲ. 1980ರಲ್ಲಿ ಹೃದಯದ ಆಪರೇಷನ್‌ಗೆಂದು ಅಮೆರಿಕಕ್ಕೆ ಬಿಟ್ಟರು. 1983ರ ಆಗಸ್ಟ್ 21ರಂದು ವಾಪಸ್ ಬಂದು ಮನಿಲಾ ವಿಮಾನ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ತಲೆಗೆ ಗುಂಡು ಬಿತ್ತು. ಸುತ್ತ ಇದ್ದವರೆಲ್ಲ ಸೈನಿಕರು. ನಿನೋಯ್‌ನ ಹೆಂಡತಿಯೇ ಕೋರಿ.

ಲೆಕ್ಕದ ಮೇಷ್ಟ್ರು

ಒಳ್ಳೆ ವಿಷಯ ಎತ್ತಿದಿರಿ. ಆದರೆ ಚುನಾವಣೆಯ ಲೆಕ್ಕವನ್ನು ಹಾಗೆ ಹಾರಿಸಿಬಿಡಬೇಡಿ, ಅದು ಸ್ವಾರಸ್ಯವಾಗಿದೆ.

ಮಾರ್ಕೋಸ್ 1985ರ ನವೆಂಬರಿನಲ್ಲಿ ಅಮೆರಿಕದ ಟಿವಿ ಕಾರ್ಯಕ್ರಮವೊಂದರಲ್ಲಿ ಕೂತು, ಅವಧಿಗೆ ಮೊದಲೇ ಚುನಾವಣೆ ಮಾಡುತ್ತೇನೆ ಎಂದು ಘೋಷಿಸಿದ. ತನ್ನ ದೇಶದ ಜನಕ್ಕೆ ಹೇಳಬೇಕಾದ್ದನ್ನು ಅಮೆರಿಕದವರಿಗೆ ಹೇಳಿದ! ಡಿಸೆಂಬರ್ 2ಕ್ಕೆ ನಿನೋಯ್ ಕೊಲೆ ಕೇಸಿನಲ್ಲಿ ಮಾರ್ಕೋಸ್‌ನ ಸೇನಾ ಮುಖ್ಯಸ್ಥ ಜನರಲ್ ಫಾಬಿಯನ್ ವೆರ್ ಮತ್ತು ಉಳಿದ ಆರೋಪಿಗಳೆಲ್ಲ ಖುಲಾಸೆ. ಮರುದಿನವೇ ಕೋರಿ ಅಭ್ಯರ್ಥಿ ಎಂದು ಹೇಳಿಕೊಂಡಳು. ಹತ್ತು ಲಕ್ಷ ಸಹಿ ತನ್ನಿ, ಆಮೇಲೆ ನೋಡೋಣ ಎಂದು ಮೊದಲು ಷರತ್ತು ಹಾಕಿದ್ದಳು. ಚಿನೋ ರೋಸೆಸ್ ಎಂಬ ಹಿರಿಯ ಪತ್ರಿಕಾ ಮಾಲೀಕರು ಮುಂದೆ ನಿಂತು ಸಹಿ ಕೂಡಿಸಿದರು.

ಮತದಾನ 1986ರ ಫೆಬ್ರವರಿ 7. ಎಣಿಕೆ ಎರಡು ಕಡೆ ನಡೆಯಿತು. ಸರ್ಕಾರದ ಲೆಕ್ಕದಲ್ಲಿ ಮಾರ್ಕೋಸ್‌ಗೆ 1,08,07,197, ಕೋರಿಗೆ 92,91,761. ನಾಮ್‌ಫ್ರೆಲ್ ಎಂಬ ನಾಗರಿಕರ ಸಂಘಟನೆಯ ಲೆಕ್ಕದಲ್ಲಿ ಕೋರಿಗೆ 78,35,070, ಮಾರ್ಕೋಸ್‌ಗೆ 70,53,068. ನಾಮ್‌ಫ್ರೆಲ್‌ಗೆ ಎಲ್ಲ ಮತಗಟ್ಟೆಯ ಲೆಕ್ಕ ಸಿಗಲಿಲ್ಲ, ಅದಕ್ಕೇ ಒಟ್ಟು ಮತ ಕಡಿಮೆ. ಆದರೆ ಒಂದು ಕಡೆ ಅವನು 15 ಲಕ್ಷ ಮುಂದೆ, ಇನ್ನೊಂದು ಕಡೆ ಇವಳು ಏಳೂಮುಕ್ಕಾಲು ಲಕ್ಷ ಮುಂದೆ. ಎಣಿಸುವಾಗ ಕೈ ತಪ್ಪಿದರೆ ಇಷ್ಟು ಅಂತರ ಬರುವುದಿಲ್ಲ.

ಫೆಬ್ರವರಿ 9ರ ರಾತ್ರಿ ಸರ್ಕಾರಿ ಎಣಿಕೆ ಕೇಂದ್ರದ 35 ಮಂದಿ ಕಂಪ್ಯೂಟರ್ ಸಿಬ್ಬಂದಿ ಕೆಲಸ ಬಿಟ್ಟು ಎದ್ದು ಹೊರಟರು. ತಾವು ಹಾಕಿದ ಅಂಕಿ ಒಂದು, ಹೊರಗಿನ ಬೋರ್ಡಿನಲ್ಲಿ ಕಾಣುವ ಅಂಕಿ ಇನ್ನೊಂದು ಎಂಬುದು ಅವರ ದೂರು. ಅಲ್ಲಿಂದ ನೇರ ಬಾಕ್ಲಾರನ್ ಚರ್ಚಿಗೆ ಹೋಗಿ ಆಶ್ರಯ ಪಡೆದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ನನ್ನನ್ನು ಕೇಳಿದರೆ ಆಮೇಲೆ ಬೀದಿಯಲ್ಲಿ ಸೈನ್ಯದ ಟ್ಯಾಂಕ್ ತಡೆದವರಿಗಿಂತ ಮೊದಲು ಇವರ ಹೆಸರು ಹೇಳಬೇಕು. ಟ್ಯಾಂಕಿನ ಮುಂದೆ ಲಕ್ಷ ಜನ ಜೊತೆಗಿದ್ದರು. ಇವರ ಜೊತೆ ಯಾರಿದ್ದರು?

ಕಿರಿಕ್ ಕಾಕಾ

ಅಲ್ರೀ, ಐದು ಮಕ್ಕಳ ತಾಯಿ, ಪಾಪದ ಗೃಹಿಣಿ ಅಂತ ಎಷ್ಟು ದಿನ ಹೇಳ್ತೀರಿ? ಆಕೆ ಕೊಹುವಾಂಗ್ಕೊ ಮನೆತನದ ಮಗಳು. ತಾರ್ಲಾಕ್ ಪ್ರಾಂತ್ಯದಲ್ಲಿ ಆರು ಸಾವಿರ ಹೆಕ್ಟೇರ್ ಮೀರಿದ ಕಬ್ಬಿನ ಎಸ್ಟೇಟು, ಹಸಿಯೆಂಡಾ ಲುಯಿಸಿಟಾ. ಅಪ್ಪ ಸಂಸತ್ ಸದಸ್ಯ, ತಾಯಿಯ ಅಪ್ಪ ಸೆನೆಟರ್. ಓದಿದ್ದು ನ್ಯೂಯಾರ್ಕಿನ ಕಾಲೇಜಿನಲ್ಲಿ, ಫ್ರೆಂಚ್ ಮತ್ತು ಗಣಿತ. ಸೋದರ ಸಂಬಂಧಿ ಡಾಂಡಿಂಗ್ ಕೊಹುವಾಂಗ್ಕೊ ಮಾರ್ಕೋಸ್‌ನ ಬಲಗೈ ಬಂಟ. ಅಂದರೆ ಜಗಳ ಎರಡೂ ಕಡೆ ಒಂದೇ ವರ್ಗದ ಮನೆಗಳ ನಡುವೆ. ಅನಿರೀಕ್ಷಿತ ನಾಯಕಿ ಅನ್ನುವುದು ಮಾರಾಟಕ್ಕೆ ಒಳ್ಳೆ ಲೇಬಲ್.

ಬೆಳದಿಂಗಳು

ಕಾಕಾ, ಹಣವಂತರ ಮನೆ ಅನ್ನೋದು ಒಪ್ಪಿದೆ. ಆದರೆ ನಿಮ್ಮ ಮಾತಿನಲ್ಲೇ ಉತ್ತರ ಇದೆ. ಅಪ್ಪ, ತಾತ, ಗಂಡ, ಅಣ್ಣತಮ್ಮಂದಿರು ಎಲ್ಲ ರಾಜಕಾರಣಿಗಳು. ಅಷ್ಟು ದೊಡ್ಡ ರಾಜಕೀಯದ ಮನೆಯಲ್ಲೂ ಆಕೆಯ ಕೆಲಸ ಗಂಡನ ಸಭೆಗೆ ಬಂದವರಿಗೆ ಕಾಫಿ ಕೊಡುವುದು. ಅನಿರೀಕ್ಷಿತ ಆಗಿದ್ದು ಅದಕ್ಕೇ ಅಲ್ವಾ?

ಇನ್ನೂ ಒಂದು. 1972ರಿಂದ 1980ರವರೆಗೆ ನಿನೋಯ್ ಒಳಗಿದ್ದಾಗ ಆತನ ಮಾತನ್ನು ಹೊರಗೆ ತಂದವಳು ಅವಳೇ. ಪತ್ರ ಸಾಗಿಸುವುದು, ಹೇಳಿಕೆ ಮುಟ್ಟಿಸುವುದು, ಪತ್ರಕರ್ತರನ್ನು ಕಾಣುವುದು. 1978ರಲ್ಲಿ ಆತ ಜೈಲಿನಿಂದಲೇ ಚುನಾವಣೆಗೆ ನಿಂತಾಗ ಪ್ರಚಾರಕ್ಕೆ ಹೋಗಿದ್ದೂ ಮನೆಯವರು. ಇದಕ್ಕೆಲ್ಲ ಅನುಭವ ಅಂತ ಯಾರೂ ಲೆಕ್ಕ ಹಾಕಲಿಲ್ಲ, ಅಷ್ಟೇ. ಹೆಂಗಸು ಮಾಡಿದರೆ ಅದು ಗಂಡನ ಸೇವೆ. ಅದೇ ಕೆಲಸ ತಮ್ಮ ಮಾಡಿದ್ದರೆ ಪಕ್ಷದ ಕಾರ್ಯದರ್ಶಿ ಅನ್ನುತ್ತಿದ್ದರು.

ಮಾರ್ಕೋಸ್ ಕೂಡ ಇದೇ ಆಟ ಆಡಿದ. ಅವಳೊಬ್ಬ ಹೆಂಗಸು, ಅನುಭವ ಇಲ್ಲ, ಅವಳ ಜಾಗ ಮಲಗುವ ಕೋಣೆ ಅಂದ. ಅವಳ ಉತ್ತರ ಆಗ ಎಲ್ಲರ ಬಾಯಲ್ಲೂ ಓಡಾಡಿತು: ಹೌದು, ಸುಳ್ಳು ಹೇಳುವುದರಲ್ಲಿ, ಕದಿಯುವುದರಲ್ಲಿ, ಎದುರಾಳಿಗಳನ್ನು ಕೊಲ್ಲಿಸುವುದರಲ್ಲಿ ಅವರಷ್ಟು ಅನುಭವ ನನಗಿಲ್ಲ.

ಅರಬ್ಬಿತೀರ

ಈ ಉತ್ತರಕ್ಕೆ ಒಂದು ಲೈಕ್ ನನ್ನದೂ. ಸಿರಿಮಾವೊ ಬಂಡಾರನಾಯಕೆ, ಬೇನಜೀರ್ ಭುಟ್ಟೋ, ಖಾಲಿದಾ ಜಿಯಾ, ನಿಕರಾಗುವಾದ ವಯೊಲೆಟಾ ಚಮೊರೊ. ಎಲ್ಲರೂ ಕೊಲೆಯಾದ ಅಥವಾ ಗಲ್ಲಿಗೇರಿದ ಗಂಡಸಿನ ಹೆಂಡತಿ ಅಥವಾ ಮಗಳು. ಸಾವು ಬಾಗಿಲು ತೆರೆಯಿತು. ಆದರೆ ಒಳಗೆ ಹೋದ ಮೇಲೆ ಒಬ್ಬೊಬ್ಬರು ಒಂದೊಂದು ಥರ. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ವಿಧವೆಯರ ರಾಜಕೀಯ ಅಂದುಬಿಡುವುದು ಸೋಮಾರಿತನ.

ಮಕಾಟಿಯಿಂದ

ನಮಸ್ಕಾರ. ಕೆಲಸದ ಮೇಲೆ ಮನಿಲಾದ ಮಕಾಟಿಯಲ್ಲಿ ಇದ್ದೇನೆ, ಊರು ದಾವಣಗೆರೆ. ಎಡ್ಸಾ ರಸ್ತೆಯಲ್ಲಿ ದಿನಾ ಟ್ರಾಫಿಕ್‌ನಲ್ಲಿ ಒದ್ದಾಡುವವನು ನಾನು, ಹಾಗಾಗಿ ಜಾಗದ ಬಗ್ಗೆ ಸ್ವಲ್ಪ ಹೇಳಬಹುದು.

ಎಡ್ಸಾ ಅಂದರೆ ನಗರದ ಉದ್ದಕ್ಕೂ ಹೋಗುವ ದೊಡ್ಡ ಹೆದ್ದಾರಿ. ಅದರ ಆ ಕಡೆ ಈ ಕಡೆ ಎದುರುಬದುರು ಎರಡು ಕ್ಯಾಂಪು: ಸೈನ್ಯದ ಕ್ಯಾಂಪ್ ಅಗಿನಾಲ್ಡೊ, ಪೊಲೀಸ್ ಪಡೆಯ ಕ್ಯಾಂಪ್ ಕ್ರಾಮೆ. ಫೆಬ್ರವರಿ 22ರ ಶನಿವಾರ ರಕ್ಷಣಾ ಸಚಿವ ಎನ್ರಿಲೆ ಮತ್ತು ಜನರಲ್ ಫಿಡೆಲ್ ರಾಮೋಸ್ ಮಾರ್ಕೋಸ್ ವಿರುದ್ಧ ತಿರುಗಿಬಿದ್ದು ಇಲ್ಲಿ ಸೇರಿಕೊಂಡರು. ಅವರ ದಂಗೆಯ ಯೋಜನೆ ಬಯಲಾಗಿತ್ತು, ಬೇರೆ ದಾರಿ ಇರಲಿಲ್ಲ. ರಾತ್ರಿ ಮನಿಲಾದ ಆರ್ಚ್‌ಬಿಷಪ್ ಕಾರ್ಡಿನಲ್ ಸಿನ್ ಚರ್ಚಿನ ರೇಡಿಯೊ ವೆರಿಟಾಸ್‌ನಲ್ಲಿ ಜನರನ್ನು ಕರೆದರು. ಊಟ ಕಟ್ಟಿಕೊಂಡು, ಮಕ್ಕಳನ್ನು ಕರೆದುಕೊಂಡು ಜನ ಬಂದರು. ಭಾನುವಾರ ಒರ್ತಿಗಾಸ್ ಹತ್ತಿರ ಟ್ಯಾಂಕ್ ಬಂದಾಗ ಸನ್ಯಾಸಿನಿಯರು ಜಪಮಾಲೆ ಹಿಡಿದು ಎದುರು ಮೊಣಕಾಲೂರಿದ್ದು ಆಗಲೇ. ಈಗ ಅದೇ ಒರ್ತಿಗಾಸ್ ಮೂಲೆಯಲ್ಲಿ ಮೇರಿಮಾತೆಯ ದೊಡ್ಡ ಪ್ರತಿಮೆ ಇದೆ, ಪಕ್ಕಕ್ಕೆ ಮಾಲ್ ಇದೆ.

ಆ ಶನಿವಾರ ಕೋರಿ ಮನಿಲಾದಲ್ಲೇ ಇರಲಿಲ್ಲ. ಸೆಬು ದ್ವೀಪದಲ್ಲಿ ಬಹಿಷ್ಕಾರದ ಸಭೆ ಮಾಡುತ್ತಿದ್ದಳು. ಮಾರ್ಕೋಸ್‌ನ ಆಪ್ತರ ಬ್ಯಾಂಕು, ಪತ್ರಿಕೆ, ಸಾನ್ ಮಿಗೆಲ್ ಬಿಯರು ಯಾವುದೂ ಬೇಡ ಎಂದು ಕರೆಕೊಟ್ಟಿದ್ದಳಲ್ಲ, ಆ ಸಭೆ. ಆ ರಾತ್ರಿ ಕಾರ್ಮೆಲ್ ಸನ್ಯಾಸಿನಿಯರ ಮಠದಲ್ಲಿ ಉಳಿದಳು. ಆವತ್ತು ರಸ್ತೆಯಲ್ಲಿ ಇರಲಿಲ್ಲ ಎಂದು ಇವತ್ತಿಗೂ ಮಾರ್ಕೋಸ್ ಕಡೆಯವರು ಇಲ್ಲಿ ಹಂಗಿಸುತ್ತಾರೆ.

ಹೊಂಗೆ ನೆರಳು

ಮಕಾಟಿಯವರೇ, ಥ್ಯಾಂಕ್ಸ್. ಇಲ್ಲಿಂದಲೇ ನಾನು ಹೇಳಬೇಕೆಂದಿದ್ದ ಸಂಗತಿ ಶುರು. 25ನೇ ತಾರೀಖು ಪ್ರಮಾಣವಚನ ಎಲ್ಲಿ ಎಂಬ ಪ್ರಶ್ನೆ ಬಂತು. ದಂಗೆಯೆದ್ದ ಸೇನಾಧಿಕಾರಿಗಳಿಗೆ ಅದು ಕ್ಯಾಂಪ್ ಕ್ರಾಮೆಯಲ್ಲೇ ಆಗಲಿ ಅನ್ನುವ ಆಸೆ. ಸುರಕ್ಷಿತ ಜಾಗ, ಸುತ್ತ ಬಂದೂಕು. ಆಕೆ ಒಪ್ಪಲಿಲ್ಲ. ಕ್ಲಬ್ ಫಿಲಿಪಿನೊ ಎಂಬ ನಾಗರಿಕರ ಕ್ಲಬ್ಬಿನಲ್ಲಿ ನ್ಯಾಯಮೂರ್ತಿ ಟೀಹಾಂಕಿ ಎದುರು ಪ್ರಮಾಣ ಮಾಡಿದಳು. ಸೈನ್ಯದ ಅಂಗಳದಲ್ಲಿ ಪ್ರಮಾಣ ಮಾಡಿದ್ದರೆ ಸೈನ್ಯ ಕೂರಿಸಿದ ಅಧ್ಯಕ್ಷೆ ಆಗುತ್ತಿದ್ದಳು. ರಾಜಕೀಯ ಗೊತ್ತಿಲ್ಲದವಳಿಗೆ ಇಷ್ಟು ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ಮಲಕಾನ್ಯಾಂಗ್ ಅರಮನೆಯಲ್ಲಿ ಮಾರ್ಕೋಸ್ ಕೂಡ ಪ್ರಮಾಣ ಮಾಡಿದ. ಒಂದೇ ದಿನ ದೇಶಕ್ಕೆ ಇಬ್ಬರು ಅಧ್ಯಕ್ಷರು. ರಾತ್ರಿ ಅಮೆರಿಕದ ಹೆಲಿಕಾಪ್ಟರ್ ಬಂದು ಒಬ್ಬರನ್ನು ಎತ್ತಿಕೊಂಡು ಹೋಯಿತು. ಮೊದಲು ಕ್ಲಾರ್ಕ್ ವಾಯುನೆಲೆ, ಅಲ್ಲಿಂದ ಹವಾಯಿ.

ಈಗ ಆಮೇಲಿನದು. ಮಾರ್ಚ್ 25ಕ್ಕೆ ಹಳೆಯ ಸಂವಿಧಾನ ರದ್ದು, ಹಳೆಯ ಸಂಸತ್ತು ರದ್ದು, ತಾತ್ಕಾಲಿಕ ಸಂವಿಧಾನ ಜಾರಿ. ಹೊಸದನ್ನು ಬರೆಯಲು ಒಂದು ಆಯೋಗ. ಅದರ ಅಧ್ಯಕ್ಷೆ ಸಿಸಿಲಿಯಾ ಮುನೋಜ್ ಪಾಲ್ಮಾ, ಅಲ್ಲಿನ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. 1987ರ ಫೆಬ್ರವರಿ 2ಕ್ಕೆ ಜನಮತ, ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಹೌದು ಅಂದರು. ಮೇ ತಿಂಗಳಲ್ಲಿ ಸಂಸತ್ ಚುನಾವಣೆ. ಯಾರ ಅಂಕುಶವೂ ಇಲ್ಲದ ಅಧಿಕಾರ ಕೈಯಲ್ಲಿದ್ದಾಗ, ಒಂದೂವರೆ ವರ್ಷದೊಳಗೆ ತಾನಾಗಿ ಬಿಟ್ಟುಕೊಟ್ಟವರು ಎಷ್ಟು ಜನ ಇದ್ದಾರೆ?

ಲೆಕ್ಕದ ಮೇಷ್ಟ್ರು

ಆ ಸಂವಿಧಾನದ ಎರಡು ಕಲಮು ನೋಡಿದರೆ ಮಾರ್ಕೋಸ್ ಮಾಡಿದ್ದೇನು ಅಂತ ತಾನಾಗಿ ಗೊತ್ತಾಗುತ್ತದೆ. ಒಂದು, ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ, ಮತ್ತೆ ನಿಲ್ಲುವ ಹಾಗಿಲ್ಲ. ಎರಡು, ಮಾರ್ಷಲ್ ಲಾ ಹೇರಿದರೆ 60 ದಿನ ಮಾತ್ರ. ಸಂಸತ್ತು ಅದನ್ನು ರದ್ದು ಮಾಡಬಹುದು, ಸುಪ್ರೀಂ ಕೋರ್ಟು ಪರಿಶೀಲಿಸಬಹುದು. 2017ರಲ್ಲಿ ಆಗಿನ ಅಧ್ಯಕ್ಷ ಡುಟರ್ಟೆ ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಮಾರ್ಷಲ್ ಲಾ ತಂದಾಗ ಈ ಕಲಮಿನ ಪ್ರಕಾರವೇ ನಡೆಯಬೇಕಾಯಿತು. ಸಂಸತ್ತು ಮತ್ತೆ ಮತ್ತೆ ವಿಸ್ತರಿಸುತ್ತಾ 2019ರ ಕೊನೆವರೆಗೆ ಎಳೆಯಿತು, ಅದು ಬೇರೆ ಮಾತು. ಬೇಲಿ ಹಾಕಿದವರು ಒಬ್ಬರು, ಗೇಟು ತೆರೆದುಕೊಟ್ಟವರು ಇನ್ನೊಬ್ಬರು.

ಕಿರಿಕ್ ಕಾಕಾ

ಒಂದೂವರೆ ವರ್ಷ ಅಂದಿರಿ. ಆ ಒಂದೂವರೆ ವರ್ಷದಲ್ಲಿ ಚುನಾಯಿತ ಗವರ್ನರ್, ಮೇಯರ್‌ಗಳನ್ನು ಕಿತ್ತು ತಮ್ಮವರನ್ನು ಉಸ್ತುವಾರಿ ಅಂತ ಕೂರಿಸಿದರಲ್ಲ, ಅದನ್ನೂ ಬರೆಯಿರಿ. ಪ್ರಜಾಪ್ರಭುತ್ವ ತರಲು ಬಂದವರ ಮೊದಲ ಕೆಲಸ ಅದು. ಎಷ್ಟೋ ಊರಲ್ಲಿ ಮಾರ್ಕೋಸ್‌ಗೆ ಮುಂಚೆ ಮೆರೆದಿದ್ದ ಹಳೆ ಮನೆತನಗಳೇ ವಾಪಸ್ ಬಂದವು.

ಹೊಂಗೆ ನೆರಳು

ಬರೆದಿರಲಿಲ್ಲ, ಈಗ ನೀವೇ ಬರೆದಿರಿ. ಆದರೆ ಆ ಮೇಯರ್‌ಗಳು ಗೆದ್ದಿದ್ದು ಯಾವ ಥರದ ಚುನಾವಣೆಯಲ್ಲಿ ಅಂತ ಮೇಷ್ಟ್ರ ಲೆಕ್ಕ ನೋಡಿ. ಅವರನ್ನು ಅಲ್ಲೇ ಬಿಟ್ಟು ಜನಮತ ಮಾಡಿದ್ದರೆ ಆಗಲೂ ನೀವು ಕಿರಿಕ್ ತೆಗೆಯುತ್ತಿದ್ದಿರಿ.

ಶರಾವತಿ ದಡ

ಎಲ್ಲರೂ ಓಟಿನ ಸುತ್ತ ಸುತ್ತುತ್ತಿದ್ದೀರಿ. ಭೂಮಿ ಎಲ್ಲಿ ಹೋಯಿತು?

ನಮ್ಮದು ಸಾಗರದ ಕಡೆ. ಕಾಗೋಡು ಸತ್ಯಾಗ್ರಹ ನಡೆದ ಸೀಮೆ. ನಮ್ಮಜ್ಜ ಗೇಣಿದಾರ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ತಂದ ಮೇಲೆ ಫಾರಂ ನಂಬರ್ 7 ತುಂಬಿ, ಭೂ ನ್ಯಾಯಮಂಡಳಿ ಮುಂದೆ ನಿಂತು, ಉಳುತ್ತಿದ್ದ ಗದ್ದೆ ಹೆಸರಿಗೆ ಆಯಿತು. ಹಾಗಾಗಿ ಯಾವ ದೇಶದ ಕ್ರಾಂತಿ ಬಗ್ಗೆ ಓದಿದರೂ ನಾನು ಮೊದಲು ಕೇಳುವುದು ಇದನ್ನೇ: ಉಳುವವನಿಗೆ ಏನು ಸಿಕ್ಕಿತು?

ಕೋರಿ ವಿಷಯದಲ್ಲಿ ಉತ್ತರ ನೋವಿನದು. ಸಂಸತ್ತು ಇಲ್ಲದ ಆ ಒಂದೂವರೆ ವರ್ಷ ಅವಳ ಸಹಿಯೇ ಕಾನೂನು. ಅಷ್ಟು ದಿನ ಭೂಮಿಯ ತಂಟೆಗೆ ಹೋಗಲಿಲ್ಲ. 1987ರ ಜನವರಿ 22ರಂದು ರೈತರು ಭೂಮಿ ಕೇಳುತ್ತಾ ಅರಮನೆ ಕಡೆ ಹೊರಟರು. ಮೆಂಡಿಯೋಲಾ ಸೇತುವೆ ಹತ್ತಿರ ಸರ್ಕಾರಿ ಪಡೆ ಗುಂಡು ಹಾರಿಸಿ ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಎಡ್ಸಾ ಚಳವಳಿ ಆಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಆ ಜುಲೈನಲ್ಲಿ, ಹೊಸ ಸಂಸತ್ತು ಸೇರಲು ಇನ್ನೇನು ಕೆಲವೇ ದಿನ ಅನ್ನುವಾಗ ಭೂಸುಧಾರಣೆಯ ಆದೇಶಕ್ಕೆ ಸಹಿ ಹಾಕಿದಳು. ಮಾಲೀಕರು ಎಷ್ಟು ಇಟ್ಟುಕೊಳ್ಳಬಹುದು ಎಂಬ ಮುಖ್ಯ ಪ್ರಶ್ನೆಯನ್ನು ಸಂಸತ್ತಿಗೆ ಬಿಟ್ಟಳು. ಸಂಸತ್ತಿನ ತುಂಬ ಜಮೀನ್ದಾರರು. 1988ರ ಕಾನೂನು ಬಂದಾಗ ಮಾಲೀಕನಿಗೆ 5 ಹೆಕ್ಟೇರ್, ಅರ್ಹ ಮಕ್ಕಳಿಗೆ ತಲಾ 3 ಹೆಕ್ಟೇರ್.

ಆ ಕಾನೂನಿನಲ್ಲಿ ಒಂದು ಕಿಂಡಿಯೂ ಇತ್ತು. ಭೂಮಿಯ ಬದಲು ಕಂಪನಿಯ ಷೇರು ಕೊಟ್ಟರೂ ಸಾಕು! ಆ ಕಿಂಡಿಯಲ್ಲಿ ನುಸುಳಿದ ಎಸ್ಟೇಟುಗಳಲ್ಲಿ ಹೆಸರಾದದ್ದು ಹಸಿಯೆಂಡಾ ಲುಯಿಸಿಟಾ, ಅವಳ ತವರಿನದು. ಕೂಲಿಕಾರರಿಗೆ ಮೂರನೇ ಒಂದು ಪಾಲು ಷೇರು, ಅದೂ 30 ವರ್ಷದಲ್ಲಿ ಕಂತು ಕಂತಾಗಿ. ಆ ತೋಟವನ್ನು ಅವಳಪ್ಪ 1950ರ ದಶಕದಲ್ಲಿ ಸರ್ಕಾರಿ ನೆರವಿನ ಸಾಲದಲ್ಲಿ ಕೊಂಡಾಗ, ಮುಂದೆ ರೈತರಿಗೆ ಹಂಚಬೇಕು ಅನ್ನುವ ಷರತ್ತು ಇತ್ತು. 2004ರಲ್ಲಿ ಮುಷ್ಕರ ಹೂಡಿದವರ ಮೇಲೆ ಅಲ್ಲಿ ಗುಂಡು ಹಾರಿ ಏಳು ಜನ ಸತ್ತರು. ಕೊನೆಗೆ 2012ರಲ್ಲಿ ಸುಪ್ರೀಂ ಕೋರ್ಟು 6,296 ಕೂಲಿಕಾರರಿಗೆ ಭೂಮಿಯನ್ನೇ ಹಂಚಿ ಎಂದು ಅಂತಿಮವಾಗಿ ಹೇಳಿತು. ಆಗ ಅಧ್ಯಕ್ಷ ಯಾರು ಗೊತ್ತಾ? ಅವಳ ಮಗ ನೊಯ್‌ನೊಯ್.

ಕಿರಿಕ್ ಕಾಕಾ

ಶರಾವತಿಯವರಿಗೆ ನನ್ನ ಶರಣು. ಇನ್ನು ನಾನು ಮಾತಾಡುವುದಕ್ಕೆ ಏನೂ ಉಳಿಸಲಿಲ್ಲ.

ಅರಬ್ಬಿತೀರ

ಉಳಿಸಲಿಲ್ಲ ಅಂತ ಹೇಳಿ ಇನ್ನು ಹತ್ತು ಕಾಮೆಂಟ್ ಹಾಕುತ್ತೀರಿ, ಗೊತ್ತು ಬಿಡಿ.

ಬೆಳದಿಂಗಳು

ಶರಾವತಿಯವರೇ, ನಿಮ್ಮ ಮಾತು ಓದಿ ಒಂದು ತೊಡಕು ಕಾಡಿತು, ಕೇಳುತ್ತೇನೆ. ನಮ್ಮಲ್ಲಿ ಗೇಣಿದಾರರ ಅರ್ಜಿಗಳು ಮಂಡಳಿ ಮುಂದೆ ಬಿರುಸಾಗಿ ಓಡುತ್ತಿದ್ದ ವರ್ಷಗಳಲ್ಲೇ ತುರ್ತು ಪರಿಸ್ಥಿತಿಯೂ ಇತ್ತು. ಪತ್ರಿಕೆಗೆ ಸೆನ್ಸಾರು, ವಿರೋಧಿಗಳು ಜೈಲಿನಲ್ಲಿ. ಇನ್ನು ಮಾರ್ಕೋಸ್ ಕೂಡ ಮಾರ್ಷಲ್ ಲಾ ಹೇರಿದ ಮರುತಿಂಗಳೇ, 1972ರ ಅಕ್ಟೋಬರಿನಲ್ಲಿ, ಭತ್ತ ಮತ್ತು ಮೆಕ್ಕೆಜೋಳದ ಭೂಮಿ ಗೇಣಿದಾರರಿಗೆ ಎಂದು ಆದೇಶ ಹೊರಡಿಸಿದ್ದ. ಕಬ್ಬು, ತೆಂಗು ಮುಟ್ಟಲಿಲ್ಲ. ಭೂಮಿಯ ಕೆಲಸಕ್ಕೆ ಗಟ್ಟಿ ಕೈಯೇ ಬೇಕು ಅನ್ನುವವರಿಗೆ ಇದು ಒಳ್ಳೆ ಅಸ್ತ್ರ. ನೀವು ಏನು ಹೇಳುತ್ತೀರಿ?

ಶರಾವತಿ ದಡ

ಒಳ್ಳೆ ಪ್ರಶ್ನೆ. ಸುಮ್ನೆ ಜಾರಿಕೊಳ್ಳುವುದಿಲ್ಲ.

ಮೊದಲನೆಯದಾಗಿ ಅರಸು ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚಿನಲ್ಲಿ, ತುರ್ತು ಪರಿಸ್ಥಿತಿ ಬರುವ ಮುಂಚೆ. ವಿಧಾನಸಭೆಯಲ್ಲಿ ಚರ್ಚೆಯಾಗಿ ಆದ ಕಾನೂನು. ಅದರ ಹಿಂದೆ 1951ರ ಕಾಗೋಡಿನಿಂದ ಬಂದ ಹೋರಾಟ ಇದೆ, ಲೋಹಿಯಾ ಬಂದು ಬಂಧನಕ್ಕೆ ಒಳಗಾದ ಹೋರಾಟ ಅದು. ದೊರೆ ಕೊಟ್ಟ ದಾನ ಅಲ್ಲ.

ಎರಡನೆಯದು, ನಮ್ಮಲ್ಲಿ ಮಂಡಳಿಯಲ್ಲಿ ಊರಿನ ಕಡೆಯ ಸದಸ್ಯರೂ ಕೂತಿದ್ದರು, ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಗೇಣಿದಾರ ಬಾಯಲ್ಲಿ ಹೇಳಿದ್ದಕ್ಕೂ ಬೆಲೆ ಇತ್ತು. ಕಾನೂನು ಹೇಗೆ ನಡೆಯುತ್ತದೆ ಅನ್ನುವುದರಲ್ಲೇ ಎಲ್ಲ ಇದೆ. ಮಾರ್ಕೋಸ್‌ನ ಆದೇಶದಲ್ಲಿ ಗೇಣಿದಾರ 15 ವರ್ಷ ಕಂತು ಕಟ್ಟಬೇಕು, ಕಟ್ಟಿ ಮುಗಿಸಿದವರು ಕಡಿಮೆ. ಗಟ್ಟಿ ಕೈ ಎಂಬುದು ಅಲ್ಲಿ ತನ್ನ ಶತ್ರುಗಳ ಭೂಮಿ ಮೇಲೆ ಮಾತ್ರ ಗಟ್ಟಿ.

ಆದರೆ ಕೋರಿಯನ್ನು ನಾನು ಬಿಡುವುದಿಲ್ಲ. ಅವಳಿಗೆ ಅವಕಾಶ ಇತ್ತು. ಜನ ಇವಳ ಮಾತಿಗೆ ಟ್ಯಾಂಕಿಗೆ ಎದೆ ಕೊಟ್ಟವರು. ಆ ಮೊದಲ ವರ್ಷ ತವರಿನ ತೋಟವನ್ನೇ ಮೊದಲು ಹಂಚುತ್ತೇನೆ ಎಂದಿದ್ದರೆ ಯಾವ ಜಮೀನ್ದಾರನಿಗೂ ಬಾಯಿ ಇರುತ್ತಿರಲಿಲ್ಲ.

ಲೆಕ್ಕದ ಮೇಷ್ಟ್ರು

ಭೂಮಿ ಜೊತೆ ಸಾಲವನ್ನೂ ಸೇರಿಸಿ. ಮಾರ್ಕೋಸ್ ಹೋದಾಗ ವಿದೇಶಿ ಸಾಲ ಸುಮಾರು 2,600 ಕೋಟಿ ಡಾಲರ್. ಅದರಲ್ಲಿ ಬಟಾನ್ ಅಣುಸ್ಥಾವರದ್ದೇ 200 ಕೋಟಿ ಡಾಲರ್ ಮೀರಿದ್ದು. ಒಂದು ಯೂನಿಟ್ ಕರೆಂಟ್ ಕೂಡ ಕೊಡದ ಸ್ಥಾವರ. ಅವಳ ಯೋಜನಾ ಸಚಿವೆ ಸೊಲಿಟಾ ಮೊನ್ಸೊಡ್, ಮೋಸದ ಸಾಲವನ್ನು ಆರಿಸಿ ತಿರಸ್ಕರಿಸೋಣ ಎಂದರು. ಕೋರಿ ಎಲ್ಲ ಕಟ್ಟುತ್ತೇವೆ ಎಂದಳು. ಮೊನ್ಸೊಡ್ 1989ರಲ್ಲಿ ಹೊರಬಂದರು. ಆ ಸ್ಥಾವರದ ಸಾಲ ತೀರಿದ್ದು 2007ರಲ್ಲಿ! ಅಣುಸ್ಥಾವರ ಮುಚ್ಚಿ ಬದಲಿಗೆ ಬೇರೆ ಕಟ್ಟಲಿಲ್ಲ, ಹಾಗಾಗಿ ಅವಳ ಅವಧಿಯ ಕೊನೆಗೆ ಮನಿಲಾದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲ. ಜನಕ್ಕೆ ಅವಳ ಸಂವಿಧಾನಕ್ಕಿಂತ ಆ ಕತ್ತಲೆಯೇ ನೆನಪಿದ್ದರೆ ತಪ್ಪೇನಿಲ್ಲ.

ಮಕಾಟಿಯಿಂದ

ಇಲ್ಲಿನ ಹಿರಿಯ ಸಹೋದ್ಯೋಗಿಗಳು ಕೂಡ ಮೊದಲು ಹೇಳುವುದು ಕರೆಂಟ್ ಮತ್ತು ದಂಗೆ. ಆರು ವರ್ಷದಲ್ಲಿ ಅರ್ಧ ಡಜನ್‌ಗೂ ಮೇಲೆ ಸೇನಾ ದಂಗೆಯ ಯತ್ನ. ಜೊತೆಗಿದ್ದ ಎನ್ರಿಲೆಯನ್ನೇ 1986ರ ನವೆಂಬರಿನಲ್ಲಿ ಮನೆಗೆ ಕಳಿಸಬೇಕಾಯಿತು. 1987ರ ಆಗಸ್ಟ್ ದಂಗೆಯಲ್ಲಿ ಮಗ ನೊಯ್‌ನೊಯ್‌ಗೆ ಐದು ಗುಂಡು ತಗುಲಿದವು, ಜೊತೆಯಲ್ಲಿದ್ದ ಮೂವರು ಅಂಗರಕ್ಷಕರು ಸತ್ತರು. ಒಂದು ಗುಂಡು ಕೊನೆವರೆಗೂ ಕುತ್ತಿಗೆಯಲ್ಲೇ ಉಳಿದಿತ್ತು.

1989ರ ಡಿಸೆಂಬರಿನದು ಎಲ್ಲಕ್ಕಿಂತ ದೊಡ್ಡದು. ದಂಗೆಕೋರರ ವಿಮಾನಗಳು ಅರಮನೆ ಮೇಲೆ ಬಾಂಬ್ ಹಾಕಿದವು. ಈ ಮಕಾಟಿಯ ಎತ್ತರದ ಕಟ್ಟಡ, ಹೋಟೆಲುಗಳಲ್ಲಿ ಬಂಡುಕೋರ ಸೈನಿಕರು ಸೇರಿಕೊಂಡು ವಿದೇಶಿ ಅತಿಥಿಗಳು ಒಳಗೇ ಸಿಕ್ಕಿಬಿದ್ದರು. ಕ್ಲಾರ್ಕ್‌ನಿಂದ ಅಮೆರಿಕದ ಫ್ಯಾಂಟಮ್ ವಿಮಾನಗಳು ಮೇಲೆ ಹಾರಿದ ಮೇಲೆ ದಂಗೆಕೋರರ ವಿಮಾನಗಳು ನೆಲ ಬಿಟ್ಟು ಏಳಲಿಲ್ಲ. ಅಮೆರಿಕದ ಸಹಾಯ ತೆಗೆದುಕೊಂಡಿದ್ದಕ್ಕೆ ಅವಳು ತುಂಬಾ ಮಾತು ಕೇಳಬೇಕಾಯಿತು. 1991ರಲ್ಲಿ ಅಮೆರಿಕದ ಸೇನಾ ನೆಲೆಗಳ ಒಪ್ಪಂದ ಮುಂದುವರಿಸಿ ಎಂದು ಅವಳು ಕೇಳಿಕೊಂಡರೂ ಸೆನೆಟ್ 12-11ರಲ್ಲಿ ತಿರಸ್ಕರಿಸಿತು. ಮಾರ್ಕೋಸ್ ಮಾರ್ಷಲ್ ಲಾ ಹೇರಿದ ಮೇಲೆ ಅಧ್ಯಕ್ಷರ ಮಾತಿಗೆ ಸೆನೆಟ್ ಇಲ್ಲ ಅನ್ನುವುದು ಹಾಗಿರಲಿ, ಸೆನೆಟ್ಟೇ ಇರಲಿಲ್ಲ!

ಬೆಳದಿಂಗಳು

1987ರ ದಂಗೆ ಅಂದಾಗ ಒಂದು ಪ್ರಸಂಗ. ಗುಂಡಿನ ಸದ್ದು ಕೇಳಿ ಅಧ್ಯಕ್ಷೆ ಮಂಚದ ಕೆಳಗೆ ಅಡಗಿಕೊಂಡರು ಎಂದು ಒಬ್ಬ ಅಂಕಣಕಾರ ಬರೆದ. ಅವಳು ಪತ್ರಕರ್ತರನ್ನು ಮಲಗುವ ಕೋಣೆಗೇ ಕರೆಸಿ ತೋರಿಸಿದಳು: ನೋಡಿ, ಈ ಮಂಚದ ಕೆಳಗೆ ಮನುಷ್ಯರು ನುಸುಳುವ ಜಾಗವೇ ಇಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಚಪ್ಪಾಳೆ ತಟ್ಟುತ್ತಿದ್ದೆ. ಮಾನನಷ್ಟ ಮೊಕದ್ದಮೆ ಹೂಡಿದಳು. ಕೆಳಗಿನ ಕೋರ್ಟು ಶಿಕ್ಷೆ ಕೊಟ್ಟಿತು, ಮೇಲ್ಮನವಿಯಲ್ಲಿ ಅದು ಬಿದ್ದುಹೋಯಿತು. ಮುಚ್ಚಿದ್ದ ಪತ್ರಿಕೆಗಳನ್ನು ತೆರೆಸಿದವಳೇ ಪತ್ರಕರ್ತನನ್ನು ಕೋರ್ಟಿಗೆ ಎಳೆದಳು. ಆದರೂ ಮಂಚದ ಕೆಳಗೆ ಅನ್ನುವ ಮಾತು ಗಂಡಸು ಅಧ್ಯಕ್ಷನ ಬಗ್ಗೆ ಯಾರಾದರೂ ಬರೆಯುತ್ತಿದ್ದರಾ ಅನ್ನುವ ಸಂಶಯ ನನಗೆ ಹೋಗಿಲ್ಲ.

ಕಿರಿಕ್ ಕಾಕಾ

ನಾನು ಮತ್ತೆ ಬಂದೆ. ಅರಬ್ಬಿತೀರದವರು ಗೆದ್ದರು.

ನೀವೆಲ್ಲ ಹೇಳಿದ್ದನ್ನು ಕೂಡಿಸಿ ನೋಡಿ: ಭೂಮಿ ಸಿಗಲಿಲ್ಲ, ಸಾಲ ಕಟ್ಟಿದರು, ಕರೆಂಟ್ ಹೋಯಿತು, ಹಳೆ ಮನೆತನಗಳು ಬಂದವು. 2022ರಲ್ಲಿ ಮಾರ್ಕೋಸ್‌ನ ಮಗ ಬಾಂಗ್‌ಬಾಂಗ್ 3 ಕೋಟಿ 10 ಲಕ್ಷ ಮೀರಿ ಓಟು ತೆಗೆದುಕೊಂಡು ಗೆದ್ದ. ಎರಡನೇ ಸ್ಥಾನಕ್ಕೆ ಬಂದ ಲೆನಿ ರೊಬ್ರೆಡೊ ಅದರ ಅರ್ಧವನ್ನೂ ಮುಟ್ಟಲಿಲ್ಲ. ಹೀಗಿರುವಾಗ ಕೋರಿ ತಂದಿದ್ದು ಏನು?

ಹೊಂಗೆ ನೆರಳು

ನಿಮ್ಮ ಪಟ್ಟಿ ಸರಿಯೇ, ಒಂದನ್ನೂ ಅಲ್ಲಗಳೆಯುವುದಿಲ್ಲ. ಶರಾವತಿಯವರು ಹೇಳಿದ್ದಕ್ಕಂತೂ ಕೋರಿ ಪರವಾಗಿ ಯಾವ ಸಮಜಾಯಿಷಿಯೂ ಇಲ್ಲ.

ಆದರೆ ಬಾಂಗ್‌ಬಾಂಗ್ ಗೆದ್ದಿದ್ದು ಹೇಗೆ ನೋಡಿ. ಓಟಿಗೆ ನಿಂತು. ಟಿಕ್‌ಟಾಕ್‌ನಲ್ಲಿ, ಯೂಟ್ಯೂಬಿನಲ್ಲಿ ಅಪ್ಪನ ಕಾಲ ಸುವರ್ಣಯುಗ ಅನ್ನುವ ಸುಳ್ಳು ಹಬ್ಬಿತ್ತು, ನಿಜ. ಆದರೂ 1986ರ ಹಾಗೆ ಎಣಿಕೆ ಸಿಬ್ಬಂದಿ ಎದ್ದು ಚರ್ಚಿಗೆ ಓಡಬೇಕಾಗಲಿಲ್ಲ. ಮತ್ತೆ 1987ರ ಸಂವಿಧಾನದ ಪ್ರಕಾರ ಅವನಿಗೂ ಆರೇ ವರ್ಷ. ಅಪ್ಪ ಗಡಿಯನ್ನು ಮುರಿದಿದ್ದ, ಮಗನಿಗೆ ಮತ್ತೆ ಗಡಿ ಇದೆ. ಅದನ್ನು ಬದಲಾಯಿಸುವ ಮಾತು ಒಬ್ಬೊಬ್ಬ ಅಧ್ಯಕ್ಷರ ಕಾಲದಲ್ಲೂ ಎದ್ದಿದೆ, ಒಂದು ಸಲವೂ ಮುಟ್ಟಲು ಆಗಿಲ್ಲ.

ಕೋರಿ 1992ರಲ್ಲಿ ಮತ್ತೆ ನಿಲ್ಲಬಹುದಿತ್ತು. ಅವಳು ಆಯ್ಕೆಯಾಗಿದ್ದು ಹಳೆಯ ಸಂವಿಧಾನದಡಿ, ಹೊಸ ನಿಯಮ ತನಗೆ ಹತ್ತುವುದಿಲ್ಲ ಎಂದು ವಾದಿಸಲು ವಕೀಲರು ಸಿದ್ಧರಿದ್ದರು. ನಿಲ್ಲಲಿಲ್ಲ. ಜೂನ್ 30ಕ್ಕೆ ರಾಮೋಸ್‌ಗೆ ಅಧಿಕಾರ ಕೊಟ್ಟು, ಸರ್ಕಾರಿ ಮರ್ಸಿಡಿಸ್ ಬೇಡವೆಂದು ತಾನು ಕೊಂಡ ಬಿಳಿ ಟೊಯೊಟಾದಲ್ಲಿ ಮನೆಗೆ ಹೋದಳು. ಭೂಮಿ ಹಂಚುವ ಧೈರ್ಯ ಇರಲಿಲ್ಲ, ಕುರ್ಚಿ ಬಿಡುವ ಧೈರ್ಯ ಇತ್ತು. ಎರಡೂ ಒಬ್ಬಳದ್ದೇ.

ಶರಾವತಿ ದಡ

ಕುರ್ಚಿ ಬಿಟ್ಟಿದ್ದಕ್ಕೆ ಗೌರವ ಇದೆ. ಆದರೆ ತೋಟ ಬಿಡುವುದು ಕುರ್ಚಿ ಬಿಡುವುದಕ್ಕಿಂತ ಕಷ್ಟ ಅಂತ ಆಯಿತು.

ಅಂದ ಹಾಗೆ, 1991ರಲ್ಲಿ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರಿಗೆ ಫಿಲಿಪ್ಪೀನ್ಸ್‌ನಲ್ಲಿ ಕೊಡುವ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಆ ದೇಶದ ಅಧ್ಯಕ್ಷೆ ಇವಳೇ. ಕೋರಿಗೂ ಅದೇ ಪ್ರಶಸ್ತಿ 1998ರಲ್ಲಿ ಬಂತು. ಸಾಗರದವರಿಗೆ ಎಲ್ಲದರಲ್ಲೂ ಒಂದು ನಂಟು ಹುಡುಕುವ ಚಟ, ಕ್ಷಮೆ ಇರಲಿ.

ನಿರ್ವಾಹಕರು

2022ರ ಚುನಾವಣೆ ಬಗ್ಗೆ ಬಂದಿದ್ದ ಎರಡು ಕಾಮೆಂಟುಗಳನ್ನು ವೈಯಕ್ತಿಕ ಬೈಗುಳಕ್ಕಾಗಿ ತೆಗೆದಿದ್ದೇವೆ. ನಮ್ಮ ರಾಜ್ಯದ ಪಕ್ಷಗಳನ್ನು ಇಲ್ಲಿಗೆ ಎಳೆಯಬೇಡಿ, ಅದಕ್ಕೆ ಬೇರೆ ಎಳೆ ಇದೆ.

ಅರಬ್ಬಿತೀರ

ಮಕಾಟಿಯವರಿಗೆ ಒಂದು ಪ್ರಶ್ನೆ. ಫೆಬ್ರವರಿ 25ನ್ನು ಅಲ್ಲಿ ಈಗಲೂ ಆಚರಿಸುತ್ತಾರಾ? ಮಾರ್ಕೋಸ್‌ನ ಮಗನೇ ಅಧ್ಯಕ್ಷ ಆಗಿರುವಾಗ?

ಮಕಾಟಿಯಿಂದ

2025ರಲ್ಲಿ ಅದನ್ನು ವಿಶೇಷ ಕೆಲಸದ ದಿನ ಅಂತ ಘೋಷಿಸಿದರು. ಅಂದರೆ ವಿಶೇಷ ಹೌದು, ರಜೆ ಅಲ್ಲ. ಎಷ್ಟೋ ಕಾಲೇಜುಗಳು, ಅದರಲ್ಲೂ ಕ್ಯಾಥೊಲಿಕ್ ಶಾಲೆಗಳು, ತಾವಾಗಿ ತರಗತಿ ನಿಲ್ಲಿಸಿದವು. ವಿದ್ಯಾರ್ಥಿಗಳು ಎಡ್ಸಾ ಕಡೆ ಹೋದರು. ನಮ್ಮ ಆಫೀಸು ತೆರೆದಿತ್ತು. ನಮ್ಮ ಟೀಮಿನ ಇಬ್ಬರು ಕೋರಿ ಬೆಂಬಲಿಗರ ಬಣ್ಣವಾದ ಹಳದಿ ಶರ್ಟ್ ಹಾಕಿಕೊಂಡು ಬಂದಿದ್ದರು, ಮ್ಯಾನೇಜರ್ ಏನೂ ಕೇಳಲಿಲ್ಲ. ಇಪ್ಪತ್ತೈದರ ಹುಡುಗನೊಬ್ಬ ಮಾತ್ರ ಇವತ್ತು ಏನು ವಿಶೇಷ ಅಂತ ಕೇಳಿದ. ಅವರಿಬ್ಬರೂ ಊಟದ ಹೊತ್ತು ಪೂರ್ತಿ ಅವನಿಗೆ ವಿವರಿಸುತ್ತಾ ಕೂತರು. ಅವನು ಎಲ್ಲ ಕೇಳಿಸಿಕೊಂಡು, ನಮ್ಮಜ್ಜನಿಗೆ ಮಾರ್ಕೋಸ್ ಕಾಲದಲ್ಲೇ ಅಕ್ಕಿ ಸೋವಿ ಇತ್ತಂತೆ ಅಂದ. ಅಲ್ಲಿಂದ ಜಗಳ ಶುರುವಾಯಿತು.